‘ಪರಿಸರಸ್ನೇಹಿ’ ಎನ್ನುವ ಮನೆ ಸ್ವಚ್ಛತೆಯ ದ್ರವ, ಪುಡಿಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿ, ರಾಯಚೂರು ಮತ್ತು ಕೊಪ್ಪಳ ಜಿಲ್ಲೆಗಳ ಗೃಹಿಣಿಯರು, ಸ್ವಸಹಾಯ ಸಂಘಗಳ ಸದಸ್ಯರು, ಬಾಡಿಗೆ ಕೋಣೆಗಳ ವಿದ್ಯಾರ್ಥಿಗಳು ಮಾತಿನಲ್ಲಿಯೂ ಪತ್ರಗಳಲ್ಲಿಯೂ ಮರಳಿ ಮರಳಿ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಂದೆಡೆ ತರಲಾಗಿದೆ. ಪ್ರಶ್ನೆಗಳನ್ನು ಆದಷ್ಟೂ ಕೇಳಿದವರ ಮಾತಿನಲ್ಲಿಯೇ ಉಳಿಸಿದ್ದೇವೆ. ಸ್ವಚ್ಛತೆಯ ದ್ರವವೊಂದು ಒಳ್ಳೆಯದೋ ಕೆಟ್ಟದ್ದೋ ಎಂಬುದು ಬಾಟಲಿಯೊಳಗೇ ತೀರ್ಮಾನವಾಗಿಬಿಡುವುದಿಲ್ಲ. ಅದನ್ನು ಎಷ್ಟು ಹಾಕುತ್ತೇವೆ, ಯಾವ ನೀರಿನಲ್ಲಿ ಕಲಸುತ್ತೇವೆ, ಯಾವ ಕಲ್ಲಿನ ಮೇಲೆ ಸುರಿಯುತ್ತೇವೆ, ಕೊನೆಗೆ ಅದು ಎಲ್ಲಿಗೆ ಹರಿದುಹೋಗುತ್ತದೆ ಎಂಬುದೂ ಅಷ್ಟೇ ಮುಖ್ಯ. ಬೋರಿನ ಸವಳು ನೀರು, ಶಹಾಬಾದ್ ಕಲ್ಲಿನ ನೆಲ ಮತ್ತು ಎರೆ ಮಣ್ಣು ಇರುವ ನಮ್ಮ ಕಡೆಗೆ ಮಲೆನಾಡಿನ ಅಥವಾ ಮಹಾನಗರದ ಸಲಹೆ ಹಾಗೆಯೇ ಒಗ್ಗುವುದಿಲ್ಲವಾದ್ದರಿಂದ ಉತ್ತರಗಳನ್ನು ಇಲ್ಲಿಯ ಮನೆಗಳನ್ನು ಕಣ್ಣಮುಂದಿಟ್ಟುಕೊಂಡೇ ಬರೆಯಲಾಗಿದೆ.

## ಮೊದಲು ತಿಳಿಯಬೇಕಾದವು

ಬಾಟಲಿ ಮೇಲೆ ಹಸಿರು ಎಲೆ ಇದೆ, ‘ನೈಸರ್ಗಿಕ’ ಅಂತ ಬರೆದಿದ್ದಾರೆ. ನಂಬಬಹುದೇನ್ರಿ?

ಎಲೆಯ ಚಿತ್ರವನ್ನು ಯಾರು ಬೇಕಾದರೂ ಅಚ್ಚು ಹಾಕಿಸಬಹುದು. ಅದು ಯಾವ ಪರೀಕ್ಷೆಯ ಗುರುತೂ ಅಲ್ಲ. ‘ಪರಿಸರಸ್ನೇಹಿ’, ‘ಹಸಿರು’, ‘ನೈಸರ್ಗಿಕ’ ಎಂಬಂಥ ಮಾತುಗಳನ್ನು ಆಧಾರವಿಲ್ಲದೆ ಬಳಸಬಾರದು, ಬಳಸಿದರೆ ಯಾವ ಅರ್ಥದಲ್ಲಿ ಎಂಬುದನ್ನು ವಿವರಿಸಿ ಪುರಾವೆ ಒದಗಿಸಬೇಕು ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2024ರ ಅಕ್ಟೋಬರ್‌ನಲ್ಲಿ ಮಾರ್ಗಸೂಚಿ ಹೊರಡಿಸಿದೆ. ಆದ್ದರಿಂದ ‘ಪರಿಸರಸ್ನೇಹಿ’ ಎಂದು ಬರೆದು ಅಲ್ಲಿಗೇ ನಿಲ್ಲಿಸಿದ ಬಾಟಲಿಗಿಂತ, ಇಂಥ ಪದಾರ್ಥ ಇಷ್ಟಿದೆ, ಇಂಥದು ಇಲ್ಲ, ಇಂಥ ಪರೀಕ್ಷೆಯಲ್ಲಿ ತೇರ್ಗಡೆಯಾಗಿದೆ ಎಂದು ಬಿಡಿಸಿ ಹೇಳುವ ಬಾಟಲಿಗೆ ಹೆಚ್ಚು ಬೆಲೆ ಕೊಡಬೇಕು.

ಸರ್ಕಾರದ್ದೇ ಆದ ಒಂದು ಗುರುತೂ ಇದೆ. 1991ರಲ್ಲಿ ಆರಂಭವಾದ ಎಕೋಮಾರ್ಕ್ ಯೋಜನೆಗೆ ಮಣ್ಣಿನ ಗಡಿಗೆಯ ಚಿಹ್ನೆಯನ್ನು ಆರಿಸಲಾಗಿತ್ತು. 2024ರಲ್ಲಿ ಅದಕ್ಕೆ ಹೊಸ ನಿಯಮಗಳು ಬಂದಿವೆ. ಸಾಬೂನು ಮತ್ತು ಡಿಟರ್ಜೆಂಟ್‌ಗಳು ಅದರ ವ್ಯಾಪ್ತಿಯಲ್ಲಿದ್ದರೂ ಗಡಿಗೆಯ ಗುರುತುಳ್ಳ ಸರಕು ಅಂಗಡಿಗಳಲ್ಲಿ ಕಾಣಸಿಗುವುದು ಅಪರೂಪ. ಗುರುತಿದ್ದರೆ ಒಳ್ಳೆಯದು, ಆದರೆ ಅದಿಲ್ಲವೆಂಬ ಒಂದೇ ಕಾರಣಕ್ಕೆ ಸರಕನ್ನು ತಳ್ಳಿಹಾಕಬೇಕಾಗಿಲ್ಲ.

ಗಿಡಮೂಲಿಕೆಯಿಂದ ಮಾಡಿದ್ದು ಅಂದಮೇಲೆ ಅಪಾಯ ಎಲ್ಲಿಂದ ಬರುತ್ತೆ?

ಅಂಟುವಾಳ ಕಾಯಿಯ ನೊರೆಗೆ ಕಾರಣವಾದ ಸಪೋನಿನ್ ಎಂಬ ವಸ್ತು ಮೀನುಗಳಿಗೆ ವಿಷ. ಸಪೋನಿನ್ ಇರುವ ಕಾಯಿ, ತೊಗಟೆಗಳನ್ನು ಜಜ್ಜಿ ನೀರಿಗೆ ಹಾಕಿ ಮೀನು ಹಿಡಿಯುವ ರೂಢಿ ಅನೇಕ ಕಡೆ ಇತ್ತು. ಅದೇ ನೊರೆ ಕಣ್ಣಿಗೆ ಬಿದ್ದರೆ ಸೀಗೆಕಾಯಿಯಂತೆಯೇ ಉರಿಸುತ್ತದೆ. ನೀಲಗಿರಿ ಎಣ್ಣೆಯನ್ನಾಗಲಿ ಕರ್ಪೂರವನ್ನಾಗಲಿ ಚಿಕ್ಕ ಮಕ್ಕಳು ಸ್ವಲ್ಪ ನುಂಗಿದರೂ ಅಪಸ್ಮಾರದಂಥ ಸೆಳೆತ ಬರಬಹುದು. ಕಾರ್ಖಾನೆಯಲ್ಲಿ ತಯಾರಾಗುವ ಸಿಟ್ರಿಕ್ ಆಮ್ಲವಾದರೋ, ಅಂದರೆ ದಿನಸಿ ಅಂಗಡಿಯ ನಿಂಬೆ ಉಪ್ಪು, ಸರಿಯಾಗಿ ಬಳಸಿದರೆ ಮನೆಗೂ ಚರಂಡಿಗೂ ತೀರಾ ಸೌಮ್ಯ. ಮೂಲ ಗಿಡವೋ ಕಾರ್ಖಾನೆಯೋ ಎಂಬ ಪ್ರಶ್ನೆಗಿಂತ ವಸ್ತು ಯಾವುದು, ಪ್ರಮಾಣವೆಷ್ಟು ಎಂಬ ಪ್ರಶ್ನೆ ಹೆಚ್ಚು ಕೆಲಸಕ್ಕೆ ಬರುತ್ತದೆ.

ನೊರೆ ಕಡಿಮೆ ಬಂದರೆ ಕೊಳೆ ಹೋಗುತ್ತದೆಯೇ?

ಹೋಗುತ್ತದೆ. ನೊರೆಗೂ ಜಿಡ್ಡು ಬಿಡಿಸುವ ಶಕ್ತಿಗೂ ನೇರ ಸಂಬಂಧವಿಲ್ಲ; ಗ್ರಾಹಕರು ಇಷ್ಟಪಡುತ್ತಾರೆಂದು ತಯಾರಕರು ನೊರೆಯನ್ನು ಬೇರೆಯಾಗಿಯೇ ಸೇರಿಸುವುದುಂಟು. ನೊರೆ ಹೆಚ್ಚಾದಷ್ಟೂ ತೊಳೆಯಲು ನೀರು ಹೆಚ್ಚು ಬೇಕು. ಬೇಸಿಗೆಯಲ್ಲಿ ಟ್ಯಾಂಕರ್ ನೀರು ಕೊಳ್ಳುವ ಮನೆಗಳಿಗೆ ಇದು ಲೆಕ್ಕಕ್ಕೆ ಬರುವ ಸಂಗತಿ.

ಯಾವುದನ್ನು ಯಾವುದರ ಜೊತೆ ಸೇರಿಸಬಾರದು?

ಈ ಪುಟದಲ್ಲಿ ಒಂದೇ ಉತ್ತರ ಓದಲು ಸಮಯವಿದ್ದರೆ ಇದನ್ನು ಓದಿ. ಬ್ಲೀಚ್ ಅಥವಾ ಬ್ಲೀಚಿಂಗ್ ಪೌಡರಿನ ಜೊತೆಗೆ ಯಾವುದೇ ಹುಳಿ ಪದಾರ್ಥ ಸೇರಿದರೆ ಕ್ಲೋರಿನ್ ಅನಿಲ ಹೊರಡುತ್ತದೆ. ಶೌಚಾಲಯ ತೊಳೆಯುವ ಆಮ್ಲದ ದ್ರವ, ವಿನೆಗರ್, ನಿಂಬೆ ಉಪ್ಪು, ಬೆಲ್ಲ ಮತ್ತು ಹಣ್ಣಿನ ಸಿಪ್ಪೆ ಹುಳಿಸಿ ಮನೆಯಲ್ಲಿ ಮಾಡಿದ ಬಯೋ ಎಂಜೈಮ್ ಇವೆಲ್ಲವೂ ಹುಳಿ ಪದಾರ್ಥಗಳೇ. ಶೌಚಾಲಯದ ದ್ರವಗಳಲ್ಲಿ ಹಲವು ಸುಮಾರು ಶೇ 10ರಷ್ಟು ಹೈಡ್ರೋಕ್ಲೋರಿಕ್ ಆಮ್ಲ ಹೊಂದಿರುವುದರಿಂದ ಅವುಗಳ ಜೊತೆ ಬ್ಲೀಚ್ ಬೆರೆಸುವುದು ಎಲ್ಲಕ್ಕಿಂತ ಅಪಾಯಕರ, ಅದರಲ್ಲಿಯೂ ಕಿಟಕಿಯಿಲ್ಲದ ಬಚ್ಚಲಿನಲ್ಲಿ. ಬ್ಲೀಚಿಗೆ ಅಮೋನಿಯಾ ಸೇರಿದರೂ ಕ್ಲೋರಮೈನ್ ಎಂಬ ಉಸಿರುಗಟ್ಟಿಸುವ ಅನಿಲ ಬರುತ್ತದೆ. ಗೋಮೂತ್ರದಿಂದ ಮಾಡಿದ ಫಿನೈಲಿನಲ್ಲಿಯೂ ಯೂರಿಯಾ ಕೊಳೆತು ಅಮೋನಿಯಾ ಉಂಟಾಗುವುದರಿಂದ ಈ ಎಚ್ಚರಿಕೆ ಅದಕ್ಕೂ ಅನ್ವಯಿಸುತ್ತದೆ. ಕಣ್ಣು, ಗಂಟಲು ಉರಿಯತೊಡಗಿದರೆ ಬಕೆಟ್ಟನ್ನು ಅಲ್ಲಿಯೇ ಬಿಟ್ಟು ಮೊದಲು ಹೊರಗೆ ಬಯಲಿಗೆ ಬರಬೇಕು. ಬಾಗಿಲು ತೆರೆದಿಟ್ಟು ಗಾಳಿಯಾಡಿದ ನಂತರವೇ ಒಳಗೆ ಹೋಗಬೇಕು.

ಬೀದಿಯಲ್ಲಿ ಹಳೆಯ ಬಾಟಲಿಗಳಲ್ಲಿ ತುಂಬಿ ಮಾರುವ ಬಿಡಿ ಆಸಿಡ್ ಅನ್ನು ಕೊಳ್ಳಲೇಬಾರದು. ಆಮ್ಲದ ಚಿಲ್ಲರೆ ಮಾರಾಟಕ್ಕೆ ಸುಪ್ರೀಂ ಕೋರ್ಟ್ 2013ರಲ್ಲಿಯೇ ಕಡಿವಾಣ ಹಾಕಿದ್ದು, ಮಾರುವವರು ಕೊಳ್ಳುವವರ ಗುರುತಿನ ಚೀಟಿ ನೋಡಿ ವಿವರವನ್ನು ಪುಸ್ತಕದಲ್ಲಿ ದಾಖಲಿಸಬೇಕು, 18 ವರ್ಷದೊಳಗಿನವರಿಗೆ ಮಾರಬಾರದು.

ಮಗು ಫಿನೈಲ್ ಕುಡಿದರೆ ತಕ್ಷಣ ವಾಂತಿ ಮಾಡಿಸಬೇಕಾ?

ಮಾಡಿಸಲೇಬಾರದು. ಕೆಳಗಿಳಿಯುವಾಗ ಅನ್ನನಾಳವನ್ನು ಸುಟ್ಟ ದ್ರವ ಮೇಲೆ ಬರುವಾಗ ಮತ್ತೊಮ್ಮೆ ಸುಡುತ್ತದೆ, ಎಣ್ಣೆಯಂಶವಿರುವ ಫಿನೈಲ್ ಶ್ವಾಸಕೋಶಕ್ಕೂ ಹೋಗಬಹುದು. ಬಾಯಿಯನ್ನು ನೀರಿನಿಂದ ತೊಳೆಸಿ, 108ಕ್ಕೆ ಕರೆ ಮಾಡಿ, ಬಾಟಲಿಯನ್ನು ಕೈಯಲ್ಲಿ ಹಿಡಿದುಕೊಂಡೇ ಆಸ್ಪತ್ರೆಗೆ ಹೋಗಿ. ಏನು ಕುಡಿದಿದೆ ಎಂಬುದು ವೈದ್ಯರಿಗೆ ಗೊತ್ತಾಗುವುದು ಆ ಬಾಟಲಿಯಿಂದ. ಕಣ್ಣಿಗೆ ಸಿಡಿದರೆ ಹರಿಯುವ ಶುದ್ಧ ನೀರಿನಲ್ಲಿ 15ರಿಂದ 20 ನಿಮಿಷ ತೊಳೆದ ಮೇಲೆ ಆಸ್ಪತ್ರೆಗೆ ಹೊರಡಬೇಕು. ಇಂಥ ಅವಘಡಗಳಿಗೆ ದಾರಿಮಾಡಿಕೊಡುವುದು ಹೆಚ್ಚಾಗಿ ತಂಪು ಪಾನೀಯದ ಖಾಲಿ ಬಾಟಲಿ. ನಿಮ್ಮ ಫಿನೈಲ್ ಎಷ್ಟೇ ‘ಸಾವಯವ’ವಾಗಿದ್ದರೂ ಅದನ್ನು ಅಂಥ ಬಾಟಲಿಗೆ ತುಂಬಬೇಡಿ.

## ಲೇಬಲ್ ಓದುವುದು

ಲೇಬಲ್‌ನಲ್ಲಿ ಪದಾರ್ಥಗಳ ಪಟ್ಟಿಯೇ ಇಲ್ಲ. ಹಾಗೆ ಮಾರಬಹುದಾ?

ದುರದೃಷ್ಟವಶಾತ್ ಮಾರಬಹುದು. ಪೊಟ್ಟಣದ ಸರಕುಗಳ ಬಗೆಗಿನ 2011ರ ಕಾನೂನು ಮಾಪನ ನಿಯಮಗಳ ಪ್ರಕಾರ ತಯಾರಕರ ಹೆಸರು ಮತ್ತು ವಿಳಾಸ, ನಿವ್ವಳ ಪ್ರಮಾಣ, ಗರಿಷ್ಠ ಮಾರಾಟ ಬೆಲೆ, ತಯಾರಿಕೆಯ ತಿಂಗಳು ಹಾಗೂ ವರ್ಷ, ದೂರು ಸಲ್ಲಿಸುವ ಸಂಪರ್ಕ ಇವೆಲ್ಲ ಕಡ್ಡಾಯ. ಆದರೆ ಸ್ನಾನದ ಸಾಬೂನಿನಂಥ ಸೌಂದರ್ಯವರ್ಧಕಗಳಿಗೆ ಇರುವಂತೆ ಪಾತ್ರೆ ತೊಳೆಯುವ, ನೆಲ ಒರೆಸುವ ದ್ರವಗಳಿಗೆ ಪೂರ್ಣ ಪದಾರ್ಥ ಪಟ್ಟಿಯ ಕಡ್ಡಾಯವಿಲ್ಲ. ಹೀಗಿರುವಾಗ ತಾನಾಗಿಯೇ ಪೂರ್ಣ ಪಟ್ಟಿ ಕೊಡುವ ತಯಾರಕರನ್ನು ಮೆಚ್ಚಬೇಕು.

ಪಟ್ಟಿ ಇಲ್ಲದಿದ್ದರೆ ಲೇಬಲ್‌ನಲ್ಲಿರುವ ಸಂಪರ್ಕಕ್ಕೆ ಬರೆದು ‘ಸೇಫ್ಟಿ ಡೇಟಾ ಶೀಟ್’ ಕಳುಹಿಸಿ ಎಂದು ಕೇಳಿ. ಅಂತರರಾಷ್ಟ್ರೀಯ ಮಾದರಿಯ ಈ ಪತ್ರದಲ್ಲಿ 16 ಭಾಗಗಳಿದ್ದು, ಮೂರನೆಯದರಲ್ಲಿ ಅಪಾಯಕಾರಿ ಘಟಕಗಳು, ನಾಲ್ಕರಲ್ಲಿ ಪ್ರಥಮ ಚಿಕಿತ್ಸೆ, ಒಂಬತ್ತರಲ್ಲಿ ಪಿಎಚ್ (ಹುಳಿ-ಕ್ಷಾರದ ಅಳತೆ; 7 ಎಂದರೆ ತಟಸ್ಥ, ಕಡಿಮೆಯಾದರೆ ಹುಳಿ, ಹೆಚ್ಚಾದರೆ ಕ್ಷಾರ), ಹನ್ನೊಂದರಲ್ಲಿ ದೇಹದ ಮೇಲಿನ ಪರಿಣಾಮ, ಹನ್ನೆರಡರಲ್ಲಿ ನೀರು ಮತ್ತು ಜೀವಿಗಳ ಮೇಲಿನ ಪರಿಣಾಮ ಇರುತ್ತವೆ. ಮಾರಾಟಕ್ಕೆ ಮುಂಚೆ ಹೂವಿನ ಮಾತಾಡಿ, ಈ ಪತ್ರ ಕೇಳಿದಾಗ ಮೌನವಾಗುವ ತಯಾರಕರ ಬಗ್ಗೆ ನಿಮ್ಮ ತೀರ್ಮಾನ ನೀವೇ ಮಾಡಿಕೊಳ್ಳಬಹುದು.

ಪಟ್ಟಿ ಇದೆ, ಆದರೆ ಒಂದು ಹೆಸರೂ ತಿಳಿಯುವುದಿಲ್ಲ. ಯಾವುದನ್ನು ಹುಡುಕಬೇಕು?

ಜಿಡ್ಡು ಬಿಡಿಸುವ ಮುಖ್ಯ ಘಟಕದಿಂದ ಆರಂಭಿಸಿ. ಡೆಸಿಲ್ ಗ್ಲುಕೋಸೈಡ್, ಕೋಕೋ ಗ್ಲುಕೋಸೈಡ್ ಎಂಬ ಹೆಸರುಗಳಿದ್ದರೆ ಅವು ಸಕ್ಕರೆ ಮತ್ತು ಸಸ್ಯಜನ್ಯ ಕೊಬ್ಬಿನಿಂದ ಬಂದವು, ಚರ್ಮಕ್ಕೆ ಸೌಮ್ಯ, ನೀರಿನಲ್ಲಿ ಬೇಗ ಕೊಳೆಯುತ್ತವೆ. ಲೀನಿಯರ್ ಆಲ್ಕೈಲ್ ಬೆಂಜೀನ್ ಸಲ್ಫೋನೇಟ್, ಅಂದರೆ ಮಾರುಕಟ್ಟೆಯ ಮಾತಿನಲ್ಲಿ ಆಸಿಡ್ ಸ್ಲರಿಯಿಂದ ಮಾಡಿದ್ದು, ಪೆಟ್ರೋಲಿಯಂ ಮೂಲದ್ದಾದರೂ ಗಾಳಿಯಾಡುವ ನೀರಿನಲ್ಲಿ ಕೊಳೆಯುತ್ತದೆ. ಆಮ್ಲಜನಕವಿಲ್ಲದ ಕೊಳಚೆಯಲ್ಲಿ ಮಾತ್ರ ಬಹುಕಾಲ ಉಳಿಯುತ್ತದೆ. ದೂರವಿಡಬೇಕಾದದ್ದು ನೊನಿಲ್‌ಫೀನಾಲ್ ಇಥಾಕ್ಸಿಲೇಟ್. ಅದು ಒಡೆದಾಗ ಉಳಿಯುವ ನೊನಿಲ್‌ಫೀನಾಲ್ ಮೀನುಗಳ ಹಾರ್ಮೋನಿನ ಕೆಲಸವನ್ನು ಕೆಡಿಸುತ್ತದೆ, ಆದ್ದರಿಂದಲೇ ಯುರೋಪ್ ಒಕ್ಕೂಟ ಸ್ವಚ್ಛತಾ ಸರಕುಗಳಲ್ಲಿ ಅದರ ಬಳಕೆಗೆ 2003ರ ನಿರ್ದೇಶನದಲ್ಲಿಯೇ ತಡೆ ಹಾಕಿತು. ಅಗ್ಗದ ಬಿಳಿ ಫಿನೈಲಿನಲ್ಲಿ ಎಣ್ಣೆಯನ್ನು ನೀರಿನೊಡನೆ ಬೆರೆಸಲು ಇದನ್ನು ಬಳಸುವುದುಂಟು.

ಬಳಿಕ ಕೆಡದಂತೆ ಕಾಯುವ ಘಟಕ. ಮೀಥೈಲ್ ಐಸೋಥಯಾಜೋಲಿನೋನ್ ಮತ್ತು ಅದರ ಬಂಧುಗಳು ಕೆಲವರ ಕೈಗೆ ಕಜ್ಜಿಯಂಥ ಅಲರ್ಜಿ ತರುತ್ತವೆ. ಆದರೆ ‘ಪ್ರಿಸರ್ವೇಟಿವ್ ಇಲ್ಲವೇ ಇಲ್ಲ’ ಎಂಬ ನೀರಿನಂಥ ದ್ರವವನ್ನು ನಮ್ಮ ಬಿಸಿಲಿನಲ್ಲಿ ತಿಂಗಳುಗಟ್ಟಲೆ ಇಟ್ಟರೆ ಅದರಲ್ಲಿಯೇ ಬ್ಯಾಕ್ಟೀರಿಯಾ ಬೆಳೆಯುತ್ತವೆ, ವಾಸನೆ ಬದಲಾಗುತ್ತದೆ, ಲೋಳೆ ಕಟ್ಟುತ್ತದೆ. ಅಂಥದ್ದರಿಂದ ಪಾತ್ರೆ ತೊಳೆಯುವುದಕ್ಕಿಂತ ಅಲ್ಪ ಪ್ರಮಾಣದ ಸೋಡಿಯಂ ಬೆಂಜೋಯೇಟ್ ಇರುವ ದ್ರವವೇ ಮೇಲು.

ಟ್ರೈಕ್ಲೋಸಾನ್ ಎಂಬ ರೋಗಾಣುನಾಶಕ ಕಂಡರೆ ಕೊಳ್ಳಬೇಡಿ. ಅದಿರುವ ಕೈ ತೊಳೆಯುವ ಸಾಬೂನು ಸಾಮಾನ್ಯ ಸಾಬೂನಿಗಿಂತ ಮೇಲೆಂದು ತಯಾರಕರು ತೋರಿಸಿಕೊಡಲಿಲ್ಲವೆಂದು ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2016ರಲ್ಲಿ ಅದನ್ನು ಅಂಥ ಸಾಬೂನುಗಳಿಂದ ಹೊರಗಿಟ್ಟಿತು. ಬಟ್ಟೆಯ ಪುಡಿಯಲ್ಲಿ ಫಾಸ್ಫೇಟ್ ಇದ್ದರೆ ಅದು ಕೆರೆಯಲ್ಲಿ ಪಾಚಿಗೆ ಗೊಬ್ಬರವಾಗುತ್ತದೆ. ಬಣ್ಣಕ್ಕೆ ಸ್ವಚ್ಛಗೊಳಿಸುವ ಕೆಲಸವೇನೂ ಇಲ್ಲ.

‘ಎಸ್‌ಎಲ್‌ಎಸ್ ರಹಿತ’ ಅಂದರೆ ಅಷ್ಟಕ್ಕೇ ಒಳ್ಳೆಯದಾಯಿತೇ?

ಎಸ್‌ಎಲ್‌ಎಸ್, ಅಂದರೆ ಸೋಡಿಯಂ ಲಾರಿಲ್ ಸಲ್ಫೇಟ್, ಚರ್ಮವನ್ನು ಒಣಗಿಸಿ ಬಿರುಕು ಬಿಡಿಸುವುದು ನಿಜ, ಆದರೆ ನೀರಿನಲ್ಲಿ ಅದು ಬಲುಬೇಗ ಕೊಳೆಯುತ್ತದೆ. ಕ್ಯಾನ್ಸರ್ ತರುತ್ತದೆಂಬ ಸುದ್ದಿಗೆ ಆಧಾರವಿಲ್ಲ. ಅದನ್ನು ತೆಗೆದು ಏನನ್ನು ಹಾಕಿದ್ದಾರೆ ಎಂದು ಕೇಳುವುದು ಮುಖ್ಯ. ಒಂದಕ್ಷರ ಮಾತ್ರ ಹೆಚ್ಚಿರುವ ಎಸ್‌ಎಲ್‌ಇಎಸ್ ಹಾಕಿದ್ದರೆ ಚರ್ಮಕ್ಕೆ ತುಸು ಮೃದುವಾದೀತು, ಆದರೆ ಅದರ ತಯಾರಿಕೆಯಲ್ಲಿ 1,4-ಡೈಆಕ್ಸೇನ್ ಎಂಬ ಬೇಡದ ವಸ್ತು ಅಲ್ಪಾಂಶದಲ್ಲಿ ಉಳಿಯುವ ಸಾಧ್ಯತೆ ಇದೆ. ಒಳ್ಳೆಯ ತಯಾರಕರು ಅದನ್ನು ತೆಗೆದುಹಾಕುತ್ತಾರೆ.

ಅಂಬೆಗಾಲಿಡುವ ಮಗು ಇದೆ. ‘ಶೇ 99.9 ರೋಗಾಣು ಸಾಯುತ್ತವೆ’ ಅನ್ನುವುದನ್ನೇ ದಿನಾ ನೆಲಕ್ಕೆ ಹಾಕಲೇ?

ದಿನಾ ಬೇಡ. ಆ ಅಂಕಿ ಪ್ರಯೋಗಾಲಯದ್ದು. ದ್ರವವು ಹೇಳಿದ ಸಾಂದ್ರತೆಯಲ್ಲಿ, ಹೇಳಿದಷ್ಟು ನಿಮಿಷ ಒದ್ದೆಯಾಗಿ ನಿಂತಾಗ ಸಿಗುವಂಥದು. ಒಂದು ಬಕೆಟ್ ನೀರಿಗೆ ಒಂದು ಮುಚ್ಚಳ ಹಾಕಿ, ಫ್ಯಾನ್ ಕೆಳಗೆ ಎರಡೇ ನಿಮಿಷದಲ್ಲಿ ಒಣಗುವ ನೆಲದ ಮೇಲೆ ಆ ಫಲ ಸಿಗುವುದಿಲ್ಲ. ಬೆಂಜಾಲ್ಕೋನಿಯಂ ಕ್ಲೋರೈಡ್ ಎಂಬ ಸೋಂಕುನಿವಾರಕ ಇರುವ ದ್ರವಗಳಿಗೆ ಇನ್ನೊಂದು ಕೊರತೆಯಿದೆ: ಸಾಬೂನಿನ ಅಂಶ ಉಳಿದ ನೆಲದ ಮೇಲೆ ಹಾಕಿದರೆ ಎರಡೂ ಒಂದನ್ನೊಂದು ಹಿಡಿದು ನಿಷ್ಫಲವಾಗುತ್ತವೆ.

ದಿನನಿತ್ಯ ಮಗು ಓಡಾಡುವ ನೆಲಕ್ಕೆ ಬಕೆಟ್ ನೀರಿನಲ್ಲಿ ಪಾತ್ರೆ ತೊಳೆಯುವ ಸೌಮ್ಯ ದ್ರವದ ಕೆಲವು ಹನಿ, ಆಮೇಲೆ ಬರಿಯ ನೀರಿನ ಒಂದು ಒರೆತ ಸಾಕು. ಮನೆಯಲ್ಲಿ ವಾಂತಿಭೇದಿಯಾದಾಗ ಮಾತ್ರ ಸೋಂಕುನಿವಾರಕ ಬೇಕಾಗುತ್ತದೆ. ಆಗ ಶೇ 5ರ ಬ್ಲೀಚಿನ 20 ಮಿ.ಲೀ.ಯನ್ನು ಒಂದು ಲೀಟರ್ ನೀರಿಗೆ ಹಾಕಿದರೆ ಶೇ 0.1ರ ದ್ರಾವಣವಾಗುತ್ತದೆ, ಮೊದಲು ಕೊಳೆ ಒರೆಸಿ, ದ್ರಾವಣವನ್ನು ಹತ್ತು ನಿಮಿಷ ಬಿಟ್ಟು, ಶುದ್ಧ ನೀರಿನಿಂದ ಒರೆಸಬೇಕು.

ಕರಿ ಫಿನೈಲ್ ಒಳ್ಳೆಯದೋ, ಬಿಳಿ ಫಿನೈಲೋ?

ಕರಿಯದು ಫೀನಾಲ್ ಬಗೆಯ ಸೋಂಕುನಿವಾರಕ. ಔಷಧ ನಿಯಮಗಳ ‘ಒ’ ಅನುಸೂಚಿಯಲ್ಲಿ ಇದಕ್ಕೆ ಮಾನದಂಡವಿದ್ದು, ರೋಗಾಣು ಕೊಲ್ಲುವ ಶಕ್ತಿಯನ್ನು ಫೀನಾಲಿಗೆ ಹೋಲಿಸಿ ಹೇಳುವ ರಿಡಿಯಲ್-ವಾಕರ್ ಸಂಖ್ಯೆ 18 ಇದ್ದರೆ ಮೊದಲ ದರ್ಜೆ, 10 ಇದ್ದರೆ ಎರಡನೆಯದು, 5 ಇದ್ದರೆ ಮೂರನೆಯದು. ಚರಂಡಿಗೆ, ದನದ ಕೊಟ್ಟಿಗೆಗೆ ಸರಿ. ಮಲಗುವ ಕೋಣೆಗೆ ಬೇಡ, ಬೆಕ್ಕು ಇರುವ ಮನೆಗಂತೂ ಬೇಡವೇ ಬೇಡ. ಬಿಳಿಯದು ಸಾಮಾನ್ಯವಾಗಿ ಪೈನ್ ಎಣ್ಣೆಯದು, ಪರಿಮಳ ಹೆಚ್ಚು, ಶಕ್ತಿ ಕಡಿಮೆ.

## ನಮ್ಮ ನೀರು, ನಮ್ಮ ನೆಲ

ವಿನೆಗರ್, ನಿಂಬೆ ಹಾಕಿ ಒರೆಸಿದ ಮೇಲೆ ಶಹಾಬಾದ್ ಕಲ್ಲು ಮಂಕಾಗಿದೆ. ಯಾಕೆ?

ಶಹಾಬಾದ್ ಕಲ್ಲು ಸುಣ್ಣದಕಲ್ಲು. ಅದರ ಮುಖ್ಯ ವಸ್ತು ಕ್ಯಾಲ್ಸಿಯಂ ಕಾರ್ಬೋನೇಟ್. ಯಾವ ಹುಳಿಯೇ ಆಗಲಿ ಅದನ್ನು ಕರಗಿಸುತ್ತದೆ. ವಿನೆಗರ್, ನಿಂಬೆರಸ, ಬಯೋ ಎಂಜೈಮ್, ಶೌಚಾಲಯದ ಆಮ್ಲ ಇವುಗಳಲ್ಲಿ ವ್ಯತ್ಯಾಸವಿರುವುದು ವೇಗದಲ್ಲಿ ಮಾತ್ರ. ಅಡುಗೆಮನೆಯ ಕಡಪಾ ಕಲ್ಲಿಗೂ, ಮೊಸಾಯಿಕ್ ನೆಲದಲ್ಲಿರುವ ಅಮೃತಶಿಲೆಯ ಚೂರುಗಳಿಗೂ ಇದೇ ಮಾತು. ಪರದೇಶದ ಪಾಕವಿಧಿಗಳಲ್ಲಿ ವಿನೆಗರ್‌ಗೆ ಸಿಕ್ಕಿರುವ ಮರ್ಯಾದೆ ಇಲ್ಲಿಯ ನೆಲಕ್ಕೆ ಸಲ್ಲದು. ಮಂಕಾದ ಕಲೆ ಕೊಳೆಯಲ್ಲ, ಮೇಲ್ಮೈಯ ಹೊಳಪೇ ಕರಗಿ ಹೋದ ಗುರುತು. ಆದ್ದರಿಂದ ಮತ್ತೆ ಮತ್ತೆ ತಿಕ್ಕಿದರೆ ಹೋಗುವುದಿಲ್ಲ, ಪಾಲಿಶ್ ಮಾಡಿಸಬೇಕಾಗುತ್ತದೆ.

ನಿಮ್ಮ ಮನೆಯ ಕಲ್ಲು ಯಾವುದೆಂದು ತಿಳಿಯದಿದ್ದರೆ ಮೂಲೆಯಲ್ಲಿ ಅಥವಾ ಉಳಿದ ತುಂಡಿನ ಮೇಲೆ ಒಂದು ಹನಿ ನಿಂಬೆರಸ ಬಿಟ್ಟು ನೋಡಿ. ಸಣ್ಣ ಗುಳ್ಳೆ ಎದ್ದರೆ ಅಥವಾ ಒರೆಸಿದ ಮೇಲೆ ಮಚ್ಚೆ ಉಳಿದರೆ ಅದು ಸುಣ್ಣದಕಲ್ಲಿನ ಜಾತಿಯದು. ಅದಕ್ಕೆ ಪಿಎಚ್ 7ರ ಆಸುಪಾಸಿನ ದ್ರವ ಮಾತ್ರ ಬಳಸಬೇಕು. ಗ್ರಾನೈಟ್ ಮತ್ತು ಟೈಲ್ಸ್ ಸೌಮ್ಯ ಹುಳಿಯನ್ನು ತಡೆದುಕೊಳ್ಳುತ್ತವೆ, ಟೈಲ್ಸ್ ಸಂದುಗಳ ಸಿಮೆಂಟ್ ಅಷ್ಟಾಗಿ ತಡೆಯುವುದಿಲ್ಲ.

ಬೋರ್ ನೀರಿಗೆ ಸಾಬೂನು ಕರಗುವುದೇ ಇಲ್ಲ, ಬಕೆಟ್ಟಿಗೆ ಬಿಳಿ ಪದರ ಕಟ್ಟುತ್ತೆ. ಯಾವ ದ್ರವ ತರಬೇಕು?

ನೀರಿನ ಗಡಸುತನಕ್ಕೆ ಕಾರಣ ಅದರಲ್ಲಿ ಕರಗಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ. ಕುಡಿಯುವ ನೀರಿನ ಭಾರತೀಯ ಮಾನಕವಾದ ಐಎಸ್ 10500ರ ಪ್ರಕಾರ ಗಡಸುತನ ಲೀಟರಿಗೆ 200 ಮಿ.ಗ್ರಾಂ.ವರೆಗೆ ಇರಬಹುದು, ಬೇರೆ ಮೂಲವಿಲ್ಲದಿದ್ದರೆ 600ರವರೆಗೆ ಒಪ್ಪಬಹುದು. ತುಂಗಭದ್ರೆಯ ಕಾಲುವೆ ನೀರು ಬರುವ ಮನೆಗೂ ಬೋರನ್ನೇ ನಂಬಿದ ಮನೆಗೂ ಇರುವ ಅಂತರ ಸಾಬೂನು ಹಚ್ಚಿದೊಡನೆ ಗೊತ್ತಾಗುತ್ತದೆ. ಎಣ್ಣೆ ಮತ್ತು ಕಾಸ್ಟಿಕ್ಕಿನಿಂದ ಮಾಡಿದ ಶುದ್ಧ ಸಾಬೂನು ಮೊದಲು ಈ ಲವಣಗಳಿಗೆ ಅಂಟಿ ಬಿಳಿ ಜಿಗುಟಾಗಿ ವ್ಯರ್ಥವಾಗುತ್ತದೆ, ಉಳಿದದ್ದು ಮಾತ್ರ ಕೊಳೆಗೆ ಸಿಗುತ್ತದೆ. ಹೀಗಾಗಿ ‘ನೂರಕ್ಕೆ ನೂರು ಸಾಬೂನು, ಡಿಟರ್ಜೆಂಟ್ ಇಲ್ಲ’ ಎನ್ನುವ ಪರಿಸರಸ್ನೇಹಿ ಪುಡಿಯನ್ನು ಬೋರ್ ನೀರಿನಲ್ಲಿ ಎರಡು ಪಟ್ಟು ಸುರಿಯಬೇಕಾಗಿ ಬರುವುದುಂಟು, ಆಗ ಅದರ ಪರಿಸರಸ್ನೇಹ ಅಲ್ಲಿಗೇ ಮುಗಿಯಿತು. ಗ್ಲುಕೋಸೈಡ್ ದ್ರವಗಳು ಮತ್ತು ಅಂಟುವಾಳ ಗಡಸು ನೀರನ್ನು ಹೆಚ್ಚು ತಾಳಿಕೊಳ್ಳುತ್ತವೆ. ಬಟ್ಟೆಗೆ ಸ್ವಲ್ಪ ಸೋಡಾ ಪುಡಿಯನ್ನು (ಅಡುಗೆ ಸೋಡಾ ಅಲ್ಲ, ವಾಷಿಂಗ್ ಸೋಡಾ) ಮೊದಲು ನೀರಿಗೆ ಹಾಕಿ ಕಲಕಿದರೆ ಕ್ಯಾಲ್ಸಿಯಂ ತಳಕ್ಕಿಳಿದು ಸಾಬೂನು ಉಳಿಯುತ್ತದೆ. ಕೈಗೆ ಗ್ಲೌಸ್ ಇರಲಿ, ಅಲ್ಯೂಮಿನಿಯಂ ಪಾತ್ರೆಗೆ ಅದನ್ನು ತಾಗಿಸಬೇಡಿ. ನಲ್ಲಿ, ಬಕೆಟ್ಟಿನ ಬಿಳಿ ಪದರಕ್ಕೆ ನಿಂಬೆ ಉಪ್ಪಿನ ನೀರು ಸಾಕು, ಅದು ಕಲ್ಲಿನ ಮೇಲೆ ಬೀಳದಂತೆ ನೋಡಿಕೊಂಡರಾಯಿತು.

ಸಂಡೂರು ಕಡೆ ಗಣಿ ದೂಳಿನ ಕೆಂಪು ಬಿಳಿ ಬಟ್ಟೆಯಿಂದ ಹೋಗೋದಿಲ್ಲ. ಬ್ಲೀಚ್ ಹಾಕಲೇ?

ಕೆಂಪು ದೂಳು ಕಬ್ಬಿಣದ ಆಕ್ಸೈಡ್. ಬ್ಲೀಚು ಬಣ್ಣವನ್ನು ಉತ್ಕರ್ಷಿಸಿ ಬಿಳಿಯಾಗಿಸುತ್ತದೆ, ಆದರೆ ಇದು ಆಗಲೇ ಪೂರ್ತಿ ಉತ್ಕರ್ಷಣಗೊಂಡ ವಸ್ತು. ಕಬ್ಬಿಣದಂಶದ ನೀರಿನ ಕಲೆಯಾದರೆ ಬ್ಲೀಚಿನಿಂದ ಇನ್ನೂ ಗಾಢವಾಗುತ್ತದೆ. ಒಣಗಿದ ಬಟ್ಟೆಯನ್ನು ಮೊದಲು ಚೆನ್ನಾಗಿ ಕೊಡವಿ, ಬಳಿಕ ಅರ್ಧ ಲೀಟರ್ ಉಗುರುಬೆಚ್ಚನೆಯ ನೀರಿಗೆ ಎರಡು ಚಮಚ ನಿಂಬೆ ಉಪ್ಪು ಹಾಕಿ ಕಲೆಯ ಭಾಗವನ್ನು ನೆನೆಸಿ, ಚೆನ್ನಾಗಿ ಜಾಲಿಸಿ, ಎಂದಿನಂತೆ ಒಗೆಯಬೇಕು. ಆಕ್ಸಾಲಿಕ್ ಆಮ್ಲದ ಪುಡಿ ಇದಕ್ಕಿಂತ ಬೇಗ ಕೆಲಸ ಮಾಡುತ್ತದೆ, ಆದರೆ ನುಂಗಿದರೆ ಮೂತ್ರಪಿಂಡಕ್ಕೆ ಅಪಾಯ. ಮಕ್ಕಳಿರುವ ಮನೆಗೆ ಅದನ್ನು ತರದಿರುವುದು ಲೇಸು. ನೆಲದ ಮೇಲಿನ ದೂಳಿಗೆ ಯಾವ ದ್ರವವೂ ಬೇಡ, ಒದ್ದೆ ಬಟ್ಟೆ ಸಾಕು. ಒಣ ಕಸಬರಿಗೆಯಿಂದ ಅದು ಮತ್ತೆ ಗಾಳಿಗೇರುತ್ತದೆ.

ಬೇಸಿಗೆಯಲ್ಲಿ ಇವುಗಳನ್ನು ಎಲ್ಲಿಡಬೇಕು?

ತಾರಸಿಯ ಕೋಣೆಯಲ್ಲಂತೂ ಬೇಡ. 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಬ್ಲೀಚ್ ಬೇಗ ಶಕ್ತಿ ಕಳೆದುಕೊಳ್ಳುತ್ತದೆ, ಆದ್ದರಿಂದ ಸಣ್ಣ ಬಾಟಲಿ ಕೊಂಡು ನೆರಳಿನಲ್ಲಿಟ್ಟು ಬೇಗ ಮುಗಿಸಿ. ಬ್ಲೀಚಿಂಗ್ ಪೌಡರನ್ನು ತೇವವಿಲ್ಲದೆಡೆ ಮುಚ್ಚಿಡಿ.

## ಮನೆಯಲ್ಲಿ, ಸಂಘದಲ್ಲಿ ಮಾಡಿದವು

ಬಯೋ ಎಂಜೈಮ್ ಮಾಡಿದೀವಿ. ಅದರಿಂದ ಎಲ್ಲವನ್ನೂ ತೊಳೆಯಬಹುದಲ್ಲವೇ?

ಒಂದು ಪಾಲು ಬೆಲ್ಲ, ಮೂರು ಪಾಲು ನಿಂಬೆ ಅಥವಾ ಮೋಸಂಬಿ ಸಿಪ್ಪೆ, ಹತ್ತು ಪಾಲು ನೀರು ಸೇರಿಸಿ ಮೂರು ತಿಂಗಳು ಹುಳಿಸುವ ಈ ದ್ರವದ ಗುಣ ಮುಖ್ಯವಾಗಿ ಅದರ ಹುಳಿಯಿಂದ ಬಂದದ್ದು. ಪಿಎಚ್ ಸಾಮಾನ್ಯವಾಗಿ 3ರಿಂದ 4ರ ನಡುವೆ ಇರುತ್ತದೆ. ಎಂಜೈಮ್ ಎಂಬ ಹೆಸರು ದೊಡ್ಡದಾಯಿತು. ಟೈಲ್ಸ್, ಸಿಂಕು, ನಲ್ಲಿ, ಶೌಚಾಲಯದ ಪಿಂಗಾಣಿಗೆ ಅದು ಒಪ್ಪುತ್ತದೆ. ಶಹಾಬಾದ್, ಕಡಪಾ ಕಲ್ಲಿಗೆ ಒಪ್ಪುವುದಿಲ್ಲ. ರೋಗಾಣು ಕೊಲ್ಲಲು ಅದನ್ನು ನೆಚ್ಚಿಕೊಳ್ಳಬಾರದು. ಹುಳಿಯುವಾಗ ಅನಿಲ ತುಂಬುವುದರಿಂದ ಗಾಜಿನ ಬಾಟಲಿ ಬೇಡ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಮೇಲ್ಭಾಗ ಖಾಲಿ ಬಿಟ್ಟು ಮೊದಲ ತಿಂಗಳು ದಿನವೂ ಮುಚ್ಚಳ ಸಡಿಲಿಸಬೇಕು. ಕುಷ್ಟಗಿ ಕಡೆ ಸುಲಭವಾಗಿ ಸಿಗುವ ದಾಳಿಂಬೆ ಸಿಪ್ಪೆಯನ್ನು ಹಾಕಬಹುದೇ ಎಂದು ಕೆಲವರು ಕೇಳಿದ್ದಾರೆ. ಅದರಲ್ಲಿ ಒಗರು ವಸ್ತುವಾದ ಟ್ಯಾನಿನ್ ಹೇರಳ; ನೀರಿನಲ್ಲಿ ಕಬ್ಬಿಣದಂಶವಿದ್ದರೆ ಎರಡೂ ಸೇರಿ ಶಾಯಿಯಂಥ ಕಪ್ಪು ಕಲೆಯಾಗುತ್ತದೆ. ಹಾಕದಿರಿ.

ಅಡುಗೆ ಸೋಡಾ, ವಿನೆಗರ್ ಎರಡೂ ಸೇರಿಸಿದರೆ ಶಕ್ತಿ ಹೆಚ್ಚುತ್ತದೆ ಅನ್ನುತ್ತಾರೆ?

ಕಡಿಮೆಯಾಗುತ್ತದೆ. ಕ್ಷಾರವೂ ಹುಳಿಯೂ ಒಂದನ್ನೊಂದು ಕಳೆದು ನೀರು, ಇಂಗಾಲದ ಡೈಆಕ್ಸೈಡ್ ಮತ್ತು ಸೋಡಿಯಂ ಅಸಿಟೇಟ್ ಉಳಿಯುತ್ತವೆ. ಗುಳ್ಳೆ ನೋಡಲು ಚೆಂದ, ಅಷ್ಟೇ. ಬೇರೆ ಬೇರೆಯಾಗಿ ಬಳಸಿ.

ರೈಸ್‌ಮಿಲ್ಲಿನ ಬೂದಿಯಿಂದ ಪಾತ್ರೆ ತಿಕ್ಕಬಹುದಾ?

ಒಲೆಯ ಕಟ್ಟಿಗೆ ಬೂದಿಯಲ್ಲಿ ಪೊಟ್ಯಾಸಿಯಂ ಕಾರ್ಬೋನೇಟ್ ಇದ್ದು ಅದು ಜಿಡ್ಡನ್ನು ಬಿಡಿಸುತ್ತದೆ. ಗಂಗಾವತಿ, ಸಿಂಧನೂರು ಕಡೆಯ ಮಿಲ್ಲುಗಳ ಭತ್ತದ ಹೊಟ್ಟಿನ ಬೂದಿ ಬೇರೆಯೇ ವಸ್ತು, ಅದರ ಬಹುಪಾಲು ಸಿಲಿಕಾ. ಬಾಯ್ಲರಿನ ಹೆಚ್ಚು ಕಾವಿನಲ್ಲಿ ಆ ಸಿಲಿಕಾದ ಒಂದಂಶ ಹರಳುಗಟ್ಟುತ್ತದೆ, ಅದರ ನುಣ್ಣನೆಯ ದೂಳನ್ನು ದಿನವೂ ಉಸಿರಾಡುವುದು ಶ್ವಾಸಕೋಶಕ್ಕೆ ಕೆಟ್ಟದ್ದು. ಬಳಸುವವರು ಒದ್ದೆ ಮಾಡಿಯೇ ಬಳಸಬೇಕು, ಸ್ಟೀಲಿನ ಹೊಳಪು ಗೀರುವುದನ್ನು ಒಪ್ಪಿಕೊಳ್ಳಬೇಕು. ವಿದ್ಯುತ್ ಸ್ಥಾವರದ ಹಾರುಬೂದಿ ಇಟ್ಟಿಗೆ, ಸಿಮೆಂಟಿಗೆ ಸರಿ. ಅದರಲ್ಲಿ ಭಾರಲೋಹಗಳ ಅಂಶವಿರುವುದರಿಂದ ಊಟದ ತಟ್ಟೆಗೆ ತಾಗಿಸಬಾರದು.

ನಮ್ಮ ಸಂಘದವರು ಬೇವಿನ ಪಾತ್ರೆ ದ್ರವ ಮಾಡಿ ಮಾರುತ್ತೇವೆ. ಕೈ ಉರಿಯುತ್ತೆ ಅಂತ ದೂರು ಬರುತ್ತಿದೆ, ಏನು ಮಾಡೋದು?

ಇಂಥ ದ್ರವಗಳನ್ನು ಸಾಮಾನ್ಯವಾಗಿ ಆಸಿಡ್ ಸ್ಲರಿಗೆ ಕಾಸ್ಟಿಕ್ ಸೋಡಾ ಸೇರಿಸಿ, ಉಪ್ಪಿನಿಂದ ದಪ್ಪಮಾಡಿ ತಯಾರಿಸುತ್ತಾರೆ. ಬೇವು, ನಿಂಬೆ ಹೆಸರಿಗಷ್ಟೇ ಇರುತ್ತವೆ. ಉರಿಗೆ ಕಾರಣ ಹೆಚ್ಚಾಗಿ ಸ್ಲರಿ ಅಥವಾ ಕಾಸ್ಟಿಕ್ ಹೆಚ್ಚಾಗಿ ಉಳಿದಿರುವುದು. ಕಾಸ್ಟಿಕ್ಕಿನ ಅಳತೆಯನ್ನು ಕಣ್ಣಂದಾಜಿನಲ್ಲಿ ಬಿಡದೆ ತೂಕದ ಯಂತ್ರದಿಂದ ಮಾಡಬೇಕು, ಯಾವಾಗಲೂ ಕಾಸ್ಟಿಕ್ಕನ್ನೇ ನೀರಿಗೆ ಹಾಕಬೇಕು, ನೀರನ್ನು ಕಾಸ್ಟಿಕ್ಕಿನ ಮೇಲೆ ಸುರಿಯಬಾರದು, ಕನ್ನಡಕ ಮತ್ತು ಗ್ಲೌಸ್ ಧರಿಸಬೇಕು. ತಯಾರಾದ ಪ್ರತಿ ಬ್ಯಾಚಿನ ಪಿಎಚ್ಚನ್ನು ಕಾಗದದ ಪಟ್ಟಿಯಿಂದ ಪರೀಕ್ಷಿಸಿ 6.5ರಿಂದ 8ರೊಳಗೆ ತಂದ ಮೇಲೆಯೇ ಬಾಟಲಿಗೆ ತುಂಬಬೇಕು.

ಪಟ್ಟಿ ಸಿಗದಿದ್ದರೆ ಅರಿಶಿನವಿದೆ. ಸುಣ್ಣ ತಾಗಿದ ಅರಿಶಿನ ಓಕುಳಿಯಂತೆ ಕೆಂಪಾಗುವುದು ಎಲ್ಲರಿಗೂ ಗೊತ್ತು. ಅದೇ ಗುಣವನ್ನು ಬಳಸಿ ಅರಿಶಿನದ ನೀರಿನಲ್ಲಿ ಅದ್ದಿ ಒಣಗಿಸಿದ ಕಾಗದದ ಮೇಲೆ ದ್ರವದ ಹನಿ ಬಿಡಿ. ಕೆಂಪಾದರೆ ಕ್ಷಾರ ಹೆಚ್ಚಿದೆ. ಹಳದಿಯಾಗಿಯೇ ಉಳಿದರೆ ತಟಸ್ಥವೂ ಆಗಿರಬಹುದು, ಹುಳಿಯೂ ಆಗಿರಬಹುದು. ಚಿಟಿಕೆ ಅಡುಗೆ ಸೋಡಾ ಹಾಕಿದಾಗ ಬುರುಗುಟ್ಟಿದರೆ ಸ್ಲರಿ ಹೆಚ್ಚಾಗಿದೆ ಎಂದು ತಿಳಿಯಿರಿ. ಲೇಬಲ್‌ನಲ್ಲಿ ‘ಬೇವಿನ ದ್ರವ’ ಎಂಬುದರ ಜೊತೆಗೆ ಒಳಗಿರುವುದನ್ನೆಲ್ಲ ಬರೆಯಿರಿ. ದೊಡ್ಡ ಕಂಪನಿಗಳೇ ಬರೆಯದಿರುವಾಗ ನಾವೇಕೆ ಎಂದು ಕೇಳಬೇಡಿ. ಸಂಘದ ಸರಕಿನ ಮೇಲೆ ಊರಿನವರಿಗೆ ನಂಬಿಕೆ ಬರುವುದು ಅದರಿಂದ.

ಬಿಳಿಗಾರ ಹಾಕಿದ ಪುಡಿ ಒಳ್ಳೆಯದಾ?

ಬಿಳಿಗಾರ, ಅಂದರೆ ಬೋರಾಕ್ಸ್, ನೆಲದಿಂದ ಸಿಗುವ ಖನಿಜವಾದರೂ ಸಂತಾನಶಕ್ತಿಗೆ ಹಾನಿಕರವೆಂದು ಯುರೋಪ್ ವರ್ಗೀಕರಿಸಿದೆ. ಅದರ ಬೋರಾನ್ ಸ್ವಲ್ಪ ಹೆಚ್ಚಾದರೂ ಗಿಡಗಳಿಗೆ ವಿಷ. ಅದು ಮಾಡುವ ಕೆಲಸವನ್ನು ಸೋಡಾ ಪುಡಿಯೇ ಮಾಡುತ್ತದೆ.

## ಚರಂಡಿಯ ಆಚೆಗೆ

‘ಬಯೋಡಿಗ್ರೇಡಬಲ್’ ಅಂದರೆ ಸರಿಯಾಗಿ ಏನು?

ಕಾಲಮಿತಿಯಿಲ್ಲದೆ ಹೇಳಿದರೆ ಆ ಮಾತಿಗೆ ಅರ್ಥವಿಲ್ಲ. ಒಇಸಿಡಿ ಎಂಬ ಅಂತರರಾಷ್ಟ್ರೀಯ ಸಂಘಟನೆ ರೂಪಿಸಿದ ‘ಒಇಸಿಡಿ 301’ ಎಂಬ ಪರೀಕ್ಷೆಗಳ ಗುಂಪಿನಲ್ಲಿ 28 ದಿನಗಳೊಳಗೆ ವಸ್ತುವಿನ ಕನಿಷ್ಠ ಶೇ 60ರಷ್ಟು ಇಂಗಾಲದ ಡೈಆಕ್ಸೈಡ್ ಆಗಿ ಹೊರಬಂದರೆ, ಅಥವಾ ಕರಗಿದ ಸಾವಯವ ಇಂಗಾಲ ಶೇ 70ರಷ್ಟು ತಗ್ಗಿದರೆ, ಅದನ್ನು ‘ಸುಲಭವಾಗಿ ಕೊಳೆಯುವ’ ವಸ್ತು ಎನ್ನುತ್ತಾರೆ. ಲೇಬಲ್‌ನಲ್ಲಿ ಈ ಪರೀಕ್ಷೆಯ ಹೆಸರಿದ್ದರೆ ಮಾತಿಗೆ ತೂಕವಿದೆ. ಆದರೂ ಪರೀಕ್ಷೆ ಇಡೀ ದ್ರವಕ್ಕೋ ಅದರ ಒಂದು ಘಟಕಕ್ಕೋ ಎಂದು ಕೇಳಿ. ಇನ್ನೊಂದು ಮಾತು: ತೆರೆದ ಚರಂಡಿಯ ನೀರು ಹಳ್ಳ ಸೇರಲು 28 ದಿನ ಬೇಕಿಲ್ಲ. ಕೊಳೆಯುವ ದ್ರವವೂ ಅಳತೆ ಮೀರಿದರೆ ಕೊಳೆಯುವ ಮುನ್ನವೇ ನೀರಿಗಿಳಿಯುತ್ತದೆ, ಕೊಳೆಯುವಾಗ ಅಲ್ಲಿಯ ಆಮ್ಲಜನಕವನ್ನೂ ತಿನ್ನುತ್ತದೆ.

ಬಟ್ಟೆ, ಪಾತ್ರೆ ತೊಳೆದ ನೀರನ್ನು ಹಿತ್ತಲಿನ ಗಿಡಗಳಿಗೆ ಬಿಡಬಹುದಾ?

ಇಲ್ಲಿ ಅಡ್ಡಿಯಾಗುವುದು ವಿಷಕ್ಕಿಂತ ಹೆಚ್ಚಾಗಿ ಸೋಡಿಯಂ. ಬಟ್ಟೆಯ ಪುಡಿಗಳಲ್ಲಿ ತೂಕ ತುಂಬಲು ಸೋಡಿಯಂ ಸಲ್ಫೇಟ್, ಸೋಡಾ, ಉಪ್ಪು ಹೇರಳವಾಗಿರುತ್ತವೆ. ಎರೆ ಮಣ್ಣಿನ ಜೇಡಿಗೆ ಸೋಡಿಯಂ ಸೇರಿದಂತೆಲ್ಲ ಅದರ ಕಣಗಳು ಬಿಡಿಬಿಡಿಯಾಗಿ, ಮೇಲೆ ಗಟ್ಟಿ ಹೆಪ್ಪು ಕಟ್ಟಿ, ನೀರು ಇಂಗುವುದು ನಿಲ್ಲುತ್ತದೆ. ತುಂಗಭದ್ರಾ ಅಚ್ಚುಕಟ್ಟಿನ ಸವಳು-ಜವಳು ಭೂಮಿಯ ಕಷ್ಟ ನಮ್ಮ ರೈತರಿಗೆ ಹೊಸದಲ್ಲ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಆ ಕುರಿತೇ ಸಂಶೋಧನೆ ನಡೆಯುತ್ತಿದೆ. ಹಿತ್ತಲಿನ ಮಡಿಯಲ್ಲಿಯೂ ಅದೇ ಕ್ರಿಯೆ ಸಣ್ಣ ಪ್ರಮಾಣದಲ್ಲಿ ಆಗುತ್ತದೆ, ಪುಡಿಯ ಮೇಲೆ ಎಷ್ಟೇ ದೊಡ್ಡದಾಗಿ ‘ಸಸ್ಯಜನ್ಯ’ ಎಂದು ಬರೆದಿದ್ದರೂ.

ಆದ್ದರಿಂದ ತೋಟಕ್ಕೆ ನೀರು ಬಿಡುವ ಮನೆಯವರು ಪುಡಿಗಿಂತ ದ್ರವ ಡಿಟರ್ಜೆಂಟ್ ಆರಿಸಬೇಕು, ಸಿಕ್ಕರೆ ಪೊಟ್ಯಾಸಿಯಂ ಸಾಬೂನನ್ನು ಬಳಸಬೇಕು. ಮೊದಲ ಒಗೆತದ ನೀರನ್ನು ಚರಂಡಿಗೆ ಬಿಟ್ಟು ಜಾಲಿಸಿದ ನೀರನ್ನು ಮಾತ್ರ ತೆಂಗು, ಬಾಳೆ, ಹೂವಿನ ಗಿಡಗಳ ಬುಡಕ್ಕೆ ಸ್ಥಳ ಬದಲಿಸುತ್ತಾ ಹಾಯಿಸಬೇಕು. ಹಸಿಯಾಗಿ ತಿನ್ನುವ ಸೊಪ್ಪಿಗೆ ಬೇಡ. ಬ್ಲೀಚ್ ಅಥವಾ ಬಿಳಿಗಾರ ಬಳಸಿದ ದಿನದ ನೀರು ಯಾವ ಗಿಡಕ್ಕೂ ಬೇಡ.

ಸೆಪ್ಟಿಕ್ ಟ್ಯಾಂಕ್ ಇರುವವರು ಏನು ನೋಡಿಕೊಳ್ಳಬೇಕು?

ಟ್ಯಾಂಕಿನೊಳಗಿನ ಬ್ಯಾಕ್ಟೀರಿಯಾಗಳೇ ಅಲ್ಲಿಯ ಕೆಲಸಗಾರರು. ವಾರಕ್ಕೊಮ್ಮೆ ಅಳತೆಯಲ್ಲಿ ಬಳಸಿದ ಶೌಚಾಲಯದ ದ್ರವದ ಹೊಡೆತದಿಂದ ಅವು ಚೇತರಿಸಿಕೊಳ್ಳುತ್ತವೆ. ದಿನವೂ ಬ್ಲೀಚ್, ಕರಿ ಫಿನೈಲ್ ಸುರಿದರೆ ಚೇತರಿಕೆಗೆ ಸಮಯವೇ ಸಿಗದೆ ಟ್ಯಾಂಕ್ ಬೇಗ ತುಂಬುತ್ತದೆ. ಬೋರ್‌ವೆಲ್ ಹತ್ತಿರವಿದ್ದರೆ ಈ ಎಚ್ಚರ ಇನ್ನೂ ಹೆಚ್ಚು ಬೇಕು.

ಸುಳ್ಳು ಹೇಳಿಕೆ ಅಂತ ಖಚಿತವಾದರೆ ಎಲ್ಲಿ ದೂರು ಕೊಡಬೇಕು?

ಮೊದಲು ತಯಾರಕರಿಗೆ ಬರೆದು, ಲೇಬಲ್‌ನ ಯಾವ ಸಾಲಿಗೆ ಯಾವ ಪುರಾವೆಯಿದೆ ಎಂದು ನಿರ್ದಿಷ್ಟವಾಗಿ ಕೇಳಿ. ‘ನಿಮ್ಮ ಸರಕು ಸರಿಯಿಲ್ಲ’ ಎಂಬ ಸಾಮಾನ್ಯ ದೂರಿಗೆ ಸಾಮಾನ್ಯ ಉತ್ತರವೇ ಬರುತ್ತದೆ. ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು. ರಸೀದಿ, ಲೇಬಲ್‌ನ ಎರಡೂ ಬದಿಯ ಚಿತ್ರ, ತಯಾರಿಕೆಯ ಬ್ಯಾಚ್ ಸಂಖ್ಯೆ, ಉಳಿದ ದ್ರವವಿರುವ ಬಾಟಲಿ ಇವನ್ನು ಇಟ್ಟುಕೊಂಡಿರಿ. ಚರ್ಮಕ್ಕೆ ಹಾನಿಯಾಗಿದ್ದರೆ ವೈದ್ಯರ ಚೀಟಿಯೂ ಬೇಕು. ನಷ್ಟ ಪರಿಹಾರ ಕೇಳುವುದಾದರೆ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ಅರ್ಜಿ ಹಾಕಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ತಯಾರಕರು ಯಾವ ರಾಜ್ಯದಲ್ಲಿದ್ದರೂ ನೀವು ವಾಸಿಸುವ ಜಿಲ್ಲೆಯಲ್ಲಿಯೇ ಅರ್ಜಿ ಸಲ್ಲಿಸಲು ಅವಕಾಶವಿದೆ.